ಹೊಸ ಜಾಲತಾಣದೊಳಗೆ ಉಳಿದುಹೋಗುವ ಹಳೆಯ ಕಡತಗಳು



ಜಾಲತಾಣ, ಅಂದರೆ ವೆಬ್‌ಸೈಟ್, ಈಗ ಪಟ್ಟಣದವರ ಸೊತ್ತಾಗಿ ಉಳಿದಿಲ್ಲ. ನಮ್ಮ ಕಾಸರಗೋಡು, ಮಂಜೇಶ್ವರ ಕಡೆಯ ಶಾಲೆ, ವಾಚನಾಲಯ, ಹಾಲಿನ ಸಂಘ, ಯಕ್ಷಗಾನ ಮಂಡಳಿ, ದೇವಸ್ಥಾನದ ಜೀರ್ಣೋದ್ಧಾರ ಸಮಿತಿ ಇವುಗಳಿಗೂ ಒಂದೊಂದು ಜಾಲತಾಣ ಇರುವುದುಂಟು. ಮಾಡಿಕೊಟ್ಟವನು ಸಾಮಾನ್ಯವಾಗಿ ಊರಿನದೇ ಒಬ್ಬ ಹುಡುಗ. ಅವನಿಗೆ ಕೆಲಸ ಸಿಕ್ಕಿ ಬೆಂಗಳೂರಿಗೋ ಗಲ್ಫಿಗೋ ಹೋಗುತ್ತಾನೆ. ಕೆಲವು ವರ್ಷ ಅದು ಹಾಗೆಯೇ ಬಿದ್ದಿರುತ್ತದೆ. ಮತ್ತೆ ಯಾರೋ ಉತ್ಸಾಹಿಗಳು ಬಂದು ಎಲ್ಲವನ್ನೂ ಹೊಸದಾಗಿ ಜೋಡಿಸಿ, ಪುಟಗಳ ಹೆಸರು ಬದಲಾಯಿಸಿ, ಬಣ್ಣ ಬಳಿದು ಪ್ರಕಟಿಸುತ್ತಾರೆ. ಹೊಸತು ಚೆನ್ನಾಗಿಯೇ ಇರುತ್ತದೆ. ತೊಂದರೆ ಕೊಡುವುದು ಒಳಗೆ ಉಳಿದುಹೋದ ಹಳೆಯದು. ಇಂದಿನ ನನ್ನ ಮಾತು ಅದರ ಬಗ್ಗೆ.

ನಾನು ಕಂಪ್ಯೂಟರ್ ಶಾಸ್ತ್ರ ಓದಿದವನಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದವನು. ಎರಡು ಕೈಯಲ್ಲಿ ಎತ್ತಬೇಕಾದ ಲೆಡ್ಜರಿನಿಂದ ತೊಡಗಿ ಕೋರ್ ಬ್ಯಾಂಕಿಂಗ್ ತನಕ ಎಲ್ಲವನ್ನೂ ಕಂಡು ನಿವೃತ್ತನಾದೆ. ಈಗ ಊರಿನ ವಾಚನಾಲಯದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಲೆಕ್ಕ ನೋಡುವವನ ತಲೆಗೇ ಜಾಲತಾಣದ ಉಸ್ತುವಾರಿಯೂ ಬಂತು. ನನ್ನ ತಂಗಿಯ ಮಗ ಈ ವಿದ್ಯೆಯಲ್ಲಿ ಪಳಗಿದವನು. ನಾನು ಕೇಳಿದ್ದಕ್ಕೆಲ್ಲ ಅವನು ಬೇಸರಿಸದೆ ಉತ್ತರ ಹೇಳಿದ್ದರಿಂದ ಇಷ್ಟು ಕಲಿತೆ.

ಮೊದಲು ಒಂದು ವಿಷಯ ಮನಸ್ಸಿಗೆ ಬರಬೇಕು. ಜಾಲತಾಣವೆಂದರೆ ಎಲ್ಲೋ ದೂರದಲ್ಲಿ ಹಗಲು ರಾತ್ರಿ ಓಡುತ್ತಿರುವ ಒಂದು ಕಂಪ್ಯೂಟರಿನಲ್ಲಿ ಇಟ್ಟ ಕಡತಗಳ ಕಟ್ಟು. ಆ ಕಂಪ್ಯೂಟರಿಗೆ ಸರ್ವರ್ ಎನ್ನುತ್ತಾರೆ. ನಾವು ಮನೆಯಲ್ಲಿ ತಯಾರಿಸಿದ ಪುಟಗಳನ್ನು ಅಲ್ಲಿಗೆ ಕಳುಹಿಸುವುದೇ ಪ್ರಕಟಣೆ. ಫೈಲ್‌ಜಿಲ್ಲಾದಂಥ ಸಾಧನದಲ್ಲಿ ಹಾಗೆ ಕಳುಹಿಸಿದಾಗ ಎರಡು ಕೆಲಸ ಮಾತ್ರ ನಡೆಯುತ್ತದೆ: ಹೊಸ ಹೆಸರಿನ ಕಡತ ಹೊಸದಾಗಿ ಸೇರುತ್ತದೆ, ಅದೇ ಹೆಸರಿನ ಕಡತ ಅಲ್ಲಿದ್ದರೆ ಅದರ ಮೇಲೆ ಬರೆಯಲ್ಪಡುತ್ತದೆ. ಮೂರನೆಯ ಕೆಲಸ, ಅಂದರೆ ನಾವು ಕೈಬಿಟ್ಟ ಹೆಸರಿನ ಕಡತವನ್ನು ಅಲ್ಲಿಂದ ತೆಗೆಯುವುದು, ತಾನಾಗಿ ನಡೆಯುವುದಿಲ್ಲ. ನಾವು 'ಸದಸ್ಯರು' ಎಂಬ ಪುಟವನ್ನು 'ನಮ್ಮ ಬಳಗ' ಎಂದು ಹೆಸರು ಬದಲಿಸಿದರೆ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಒಂದೇ ಪುಟ ಇರುತ್ತದೆ, ಸರ್ವರಿನಲ್ಲಿ ಎರಡು. ಈಗಿನ ಹೊಸ ಸಾಧನಗಳಲ್ಲಿಯೂ ಇದು ತಪ್ಪಿದ್ದಲ್ಲ. ಹ್ಯೂಗೋ ಎಂಬ ಜಾಲತಾಣ ಕಟ್ಟುವ ತಂತ್ರಾಂಶ ಪುಟಗಳನ್ನು ಸಿದ್ಧಪಡಿಸುವಾಗ ಹಿಂದಿನ ಸಲದ ಪುಟಗಳನ್ನು ತಾನಾಗಿ ಗುಡಿಸುವುದಿಲ್ಲ, ನಾವು ಬೇರೆಯೇ ಹೇಳಬೇಕು.

ಇನ್ನೊಂದು ತಪ್ಪು ಕಲ್ಪನೆ ಇದೆ. ಮುಖಪುಟದ ಪಟ್ಟಿಯಿಂದ ಕೊಂಡಿ ತೆಗೆದರೆ ಪುಟವೇ ಹೋಯಿತು ಎಂದು ಸಮಿತಿಯವರು ತಿಳಿಯುತ್ತಾರೆ. ಹಾಗಲ್ಲ. ಬ್ಯಾಂಕಿನ ಬಾಗಿಲಿನ ಫಲಕದಿಂದ ಒಂದು ಕೌಂಟರಿನ ಹೆಸರು ಅಳಿಸಿದರೆ ಕೌಂಟರು ಮುಚ್ಚಿದ ಹಾಗೆ ಆಗುವುದಿಲ್ಲವಷ್ಟೆ. ದಾರಿ ಗೊತ್ತಿದ್ದವನು ನೇರ ಹೋಗಿ ನಿಲ್ಲುತ್ತಾನೆ. ಗೂಗಲ್‌ಗೆ ದಾರಿ ಗೊತ್ತುಂಟು. ಮೂರು ವರ್ಷದ ಹಿಂದೆ ವಾಟ್ಸಾಪ್ ಗುಂಪಿನಲ್ಲಿ ಹಾಕಿದ ಕೊಂಡಿಗೆ ಗೊತ್ತುಂಟು. ವಾರ್ಷಿಕೋತ್ಸವದ ಆಮಂತ್ರಣದ ಅಡಿಯಲ್ಲಿ ಅಚ್ಚು ಹಾಕಿಸಿದ ವಿಳಾಸಕ್ಕೂ ಗೊತ್ತುಂಟು.

ಇದರಿಂದ ಏನು ನಷ್ಟ ಎಂದು ಕೇಳುವವರಿಗೆ ನಮ್ಮ ವಾಚನಾಲಯದ ಒಂದು ಸಂಗತಿ ಹೇಳುತ್ತೇನೆ. ನಮ್ಮ ತಾಣವನ್ನು ಹೊಸದಾಗಿ ಜೋಡಿಸುವ ಕೆಲಸವನ್ನು ಸಮಿತಿಯವರು ಪೇಟೆಯ ಒಂದು ಸಂಸ್ಥೆಗೆ ಕೊಟ್ಟಿದ್ದರು. ಮೊದಲು ಕನ್ನಡ, ಮಲಯಾಳ ಎರಡೂ ಒಂದೇ ಪುಟದಲ್ಲಿ ಮೇಲೆ ಕೆಳಗೆ ಇದ್ದವು. ಹೊಸ ಏರ್ಪಾಡಿನಲ್ಲಿ ಎರಡು ಭಾಷೆಗೂ ಬೇರೆ ಬೇರೆ ಫೋಲ್ಡರ್ ಆಯಿತು. ಕನ್ನಡ ಮಾಧ್ಯಮದ ಮಕ್ಕಳಿಗೆ ಪುಸ್ತಕದ ಹಣ ಕೊಡುವ ಒಂದು ಸಣ್ಣ ನಿಧಿ ನಮ್ಮಲ್ಲಿದೆ. ಅದರ ಅರ್ಜಿ ನಮೂನೆಯ ಹೊಸ ಪ್ರತಿ ಹೊಸ ಫೋಲ್ಡರಿಗೆ ಸೇರಿತು. ಹಿಂದಿನ ವರ್ಷದ ಕನ್ನಡ ನಮೂನೆ ಹಳೆಯ ಫೋಲ್ಡರಿನಲ್ಲಿಯೇ ಉಳಿಯಿತು. ಕೊನೆಯ ದಿನಾಂಕ ಹಳೆಯದರಲ್ಲಿ ಜುಲೈ 31, ಹೊಸದರಲ್ಲಿ ಜುಲೈ 10.

ಜುಲೈ 20ರ ಸುಮಾರಿಗೆ ಬೀಡಿ ಕಟ್ಟಿ ಮನೆ ನಡೆಸುವ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದರು. ಅಕ್ಷಯ ಕೇಂದ್ರದಲ್ಲಿ ಹುಡುಕಿಸಿ ಪ್ರಿಂಟ್ ತೆಗೆದ ಅರ್ಜಿ, ಮಗುವಿನ ಕೈಬರಹದಲ್ಲಿ ಚೆಂದವಾಗಿ ತುಂಬಿಸಿತ್ತು. ದಿನ ಮುಗಿಯಿತಲ್ಲ ಅಮ್ಮ ಎಂದರೆ, ಆಕೆ ಕಾಗದದ ಮೇಲೆ ಬೆರಳಿಟ್ಟು ತೋರಿಸಿದರು. "ಮಲಯಾಳದ್ದು ನಮಗೆ ಓದಲಿಕ್ಕೆ ಬರುವುದಿಲ್ಲ ಸರ್, ಕನ್ನಡದಲ್ಲಿ ಹೀಗೇ ಬರೆದದ್ದಲ್ಲವಾ?" ಎಂದರು. ಉತ್ತರ ಏನು ಹೇಳುವುದು? ಅಚ್ಚಾದದ್ದು ನಮ್ಮದೇ ವಾಚನಾಲಯದ ಹೆಸರಿನಲ್ಲಿ. ಸಮಿತಿಯವರು ಒಪ್ಪಿ ಆ ಅರ್ಜಿಯನ್ನು ಸ್ವೀಕರಿಸಿದರು. ಆದರೆ ದಿನಾಂಕ ಮುಗಿದಿದೆ ಎಂದು ಯಾರದೋ ಬಾಯಲ್ಲಿ ಕೇಳಿ ಮನೆಯಲ್ಲಿಯೇ ಕೂತವರು ಎಷ್ಟು ಮಂದಿ ಎಂಬುದು ಯಾವ ಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ.

ಗಡಿಯ ಊರುಗಳಲ್ಲಿ ಈ ರೋಗ ಹೆಚ್ಚು. ಎರಡು ಭಾಷೆಯ ತಾಣಗಳಲ್ಲಿ ರಾಜ್ಯಭಾಷೆಯ ಪುಟವನ್ನು ಹತ್ತು ಜನ ನೋಡಿ ತಿದ್ದುತ್ತಾರೆ. ಅಲ್ಪಸಂಖ್ಯಾತ ಭಾಷೆಯ ಪುಟದಲ್ಲಿ ಹಳತು ಉಳಿದರೆ ಗಮನಿಸುವವರೇ ಇಲ್ಲ. ಕಾಸರಗೋಡಿನಲ್ಲಿ ಕನ್ನಡಕ್ಕೆ ಆಗುವುದು ಹೊಸೂರಿನಲ್ಲಿಯೂ ಅಕ್ಕಲಕೋಟೆಯಲ್ಲಿಯೂ ಆಗಬಹುದಾದ್ದೇ.

ಇನ್ನು ಪತ್ತೆ ಹಚ್ಚುವ ಕ್ರಮ. ಹಳೆಯ ಪುಟ ಕಂಡ ಕೂಡಲೇ ಸರ್ವರನ್ನು ದೂರಬಾರದು. ಹಳತು ಮೂರು ಕಡೆ ಅಡಗಿರಬಹುದು. ಒಂದು, ನಮ್ಮದೇ ಫೋನು ಅಥವಾ ಕಂಪ್ಯೂಟರಿನ ಬ್ರೌಸರ್. ಅದು ಒಮ್ಮೆ ತೋರಿಸಿದ ಪುಟವನ್ನು ಒಳಗೆ ತೆಗೆದಿಟ್ಟುಕೊಂಡಿರುತ್ತದೆ. ಎರಡು, ನಡುವೆ ಇರುವವರು, ಅಂದರೆ ಬೇಗ ತಲಪಿಸಲೆಂದು ಪ್ರತಿ ಇಟ್ಟುಕೊಳ್ಳುವ ಸೇವೆಗಳು, ಮತ್ತು ಗೂಗಲ್‌ನ ಪಟ್ಟಿ. ಮೂರು, ಸರ್ವರ್ ತಾನೇ. ಗುರುತಿಸುವುದು ಕಷ್ಟವಲ್ಲ. ಬ್ರೌಸರಿನಲ್ಲಿ ಇನ್‌ಕಾಗ್ನಿಟೋ ಎಂಬ ಗುಪ್ತ ಕಿಟಕಿ ಇದೆ, ಅದರಲ್ಲಿ ವಿಳಾಸವನ್ನು ಪೂರ್ತಿ ಟೈಪು ಮಾಡಿ ನೋಡಿ. ಆ ತಾಣಕ್ಕೆ ಹಿಂದೆ ಹೋಗದ ಬೇರೊಬ್ಬರ ಫೋನಿನಲ್ಲಿ, ಅವರದೇ ಡಾಟಾದಲ್ಲಿ ನೋಡಿ. ಅಲ್ಲಿ ಹೊಸತು ಕಂಡರೆ ನಿಮ್ಮ ಬ್ರೌಸರಿನ ನೆನಪು ಅಳಿಸಿದರೆ ಸಾಕು. ಅಲ್ಲಿಯೂ ಹಳತೇ ಕಂಡರೆ ಸರ್ವರ್ ಬಾಡಿಗೆಗೆ ಕೊಟ್ಟವರ ಫೈಲ್ ಮ್ಯಾನೇಜರನ್ನು ತೆರೆದು ಕಡತ ಅಲ್ಲಿದೆಯೋ ಎಂದು ಕಣ್ಣಾರೆ ನೋಡಬೇಕು. ಗೂಗಲ್‌ನಲ್ಲಿ 'ಸೈಟ್' ಎಂದು ಇಂಗ್ಲಿಷಿನಲ್ಲಿ ಬರೆದು, ಎರಡು ಚುಕ್ಕೆ ಇಟ್ಟು, ನಡುವೆ ಜಾಗ ಬಿಡದೆ ನಿಮ್ಮ ತಾಣದ ವಿಳಾಸ ಬರೆದರೆ ಅದರ ಪಟ್ಟಿಯಲ್ಲಿರುವ ನಿಮ್ಮ ಪುಟಗಳು ಕಾಣುತ್ತವೆ. ಎಲ್ಲವೂ ಕಾಣುತ್ತವೆ ಎಂಬ ಭರವಸೆ ಇಲ್ಲ, ಆದರೆ ನೀವು ಮರೆತದ್ದು ಕೆಲವು ಅಲ್ಲಿ ಖಂಡಿತ ಸಿಗುತ್ತವೆ.

ಕೆಲವು ಸಲ ಹಳತು ಬರೇ ಉಳಿದಿರುವುದಲ್ಲ, ಹೊಸದಕ್ಕೆ ಅಡ್ಡ ನಿಲ್ಲುತ್ತದೆ. ಹಿಂದಿನ ತಾಣದ ಮುಖಪುಟ 'ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್', ಹೊಸದರದ್ದು 'ಇಂಡೆಕ್ಸ್ ಡಾಟ್ ಪಿಎಚ್‌ಪಿ' ಎಂದಿಟ್ಟುಕೊಳ್ಳಿ. ಎರಡೂ ಒಂದೇ ಫೋಲ್ಡರಿನಲ್ಲಿದ್ದರೆ ಯಾವುದನ್ನು ತೋರಿಸಬೇಕು ಎಂಬುದಕ್ಕೆ ಸರ್ವರಿನಲ್ಲಿ ಒಂದು ಸರದಿ ಪಟ್ಟಿ ಇದೆ. ಸರದಿಯಲ್ಲಿ ಹಳೆಯ ಹೆಸರು ಮೊದಲಿದ್ದರೆ ಹೊಸ ಮುಖಪುಟ ಯಾರಿಗೂ ಕಾಣದು. ವರ್ಡ್‌ಪ್ರೆಸ್‌ಗೆ ಬದಲಾದವರಿಗೆ ಇನ್ನೊಂದು ಬಗೆ. ಅಪಾಚಿ ಸರ್ವರಿನಲ್ಲಿ ವರ್ಡ್‌ಪ್ರೆಸ್‌ನ ನಿಯಮ ಹೀಗೆ: ಕೇಳಿದ ಹೆಸರಿನ ನಿಜವಾದ ಕಡತವೋ ಫೋಲ್ಡರೋ ಅಲ್ಲಿ ಇದ್ದರೆ ಅದನ್ನೇ ಕೊಡು, ಇಲ್ಲದಿದ್ದರೆ ಮಾತ್ರ ನನ್ನನ್ನು ಕೇಳು. ಹಾಗಾಗಿ 'ಗ್ರಂಥಾಲಯ' ಎಂಬ ಹಳೆಯ ಖಾಲಿ ಫೋಲ್ಡರ್ ಉಳಿದಿದ್ದರೆ 'ಗ್ರಂಥಾಲಯ' ಎಂಬ ಹೊಸ ಪುಟ ತೆರೆಯುವುದೇ ಇಲ್ಲ. ನಿಷೇಧ ಎಂದೋ, ಇಲ್ಲವೆ ಬರಿಯ ಕಡತಗಳ ಪಟ್ಟಿಯೋ ಬರುತ್ತದೆ. ಹೊಸ ಪುಟವನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ.

ಹೆಸರಿನ ಕಾಗುಣಿತವೂ ಒಂದು ಕಾರಣ. ಮನೆಯ ವಿಂಡೋಸ್ ಕಂಪ್ಯೂಟರಿಗೆ ಇಂಗ್ಲಿಷಿನ ದೊಡ್ಡ ಅಕ್ಷರ, ಸಣ್ಣ ಅಕ್ಷರ ಒಂದೇ. ಹೆಚ್ಚಿನ ಸರ್ವರುಗಳು ಓಡುವುದು ಲಿನಕ್ಸ್‌ನಲ್ಲಿ, ಅದಕ್ಕೆ ಅವು ಬೇರೆ ಬೇರೆ. ದೊಡ್ಡ 'ಎಫ್'ನ ಫಾರ್ಮ್ ಒಂದು ಕಡತ, ಸಣ್ಣ 'ಎಫ್'ನದು ಇನ್ನೊಂದು. ನಮ್ಮಲ್ಲಿ ಊರ ಹೆಸರುಗಳದ್ದು ಬೇರೆ ಕಥೆ. ಮಂಜೇಶ್ವರವನ್ನು ಕನ್ನಡದವರು ಇಂಗ್ಲಿಷಿನಲ್ಲಿ ಬರೆಯುವ ರೀತಿ ಒಂದು, ಮಲಯಾಳದವರು ಕೊನೆಗೆ 'ಅಂ' ಸೇರಿಸಿ ಬರೆಯುವ ರೀತಿ ಇನ್ನೊಂದು. ಎರಡೂ ಸರಿ, ಆದರೆ ಸರ್ವರಿಗೆ ಅವು ಇಬ್ಬರು ಬೇರೆ ಆಸಾಮಿಗಳು. ಒಬ್ಬರು ಹಾಕಿದ ಪುಟವನ್ನು ಇನ್ನೊಬ್ಬರು ತಿದ್ದಲು ಹೋಗಿ ಎರಡನೆಯ ಪುಟ ಹುಟ್ಟುತ್ತದೆ.

ಗುಡಿಸುವ ಕೆಲಸಕ್ಕೆ ಇಳಿಯುವ ಮೊದಲು ಪೂರ್ತಿ ನಕಲು ತೆಗೆದುಕೊಳ್ಳಲೇಬೇಕು. ಆ ನಕಲನ್ನು ಮನೆಯ ಕಂಪ್ಯೂಟರಿಗೋ ಪೆನ್‌ಡ್ರೈವಿಗೋ ಇಳಿಸಿ. ಹಲವರು ಸರ್ವರಿನಲ್ಲಿಯೇ 'ಬ್ಯಾಕಪ್ ಡಾಟ್ ಜಿಪ್' ಎಂದು ಕಟ್ಟಿ, ಸಾರ್ವಜನಿಕ ಫೋಲ್ಡರಿನಲ್ಲಿಯೇ ಬಿಟ್ಟುಬಿಡುತ್ತಾರೆ. ಆ ಹೆಸರನ್ನು ಊಹಿಸಿ ಯಾರು ಬೇಕಾದರೂ ಇಡೀ ಮನೆಯ ಸಾಮಾನನ್ನು ಒಂದೇ ಗೋಣಿಯಲ್ಲಿ ಹೊತ್ತುಕೊಂಡು ಹೋಗಬಹುದು.

ಮತ್ತೆ ನಾನು ಮಾಡಿದ್ದು ಬ್ಯಾಂಕಿನ ತಾಳೆ ಕೆಲಸವೇ. ಸರ್ವರಿನಲ್ಲಿರುವ ಎಲ್ಲ ಕಡತಗಳ ಪಟ್ಟಿ ಒಂದು ಕಡೆ, ಹೊಸ ತಾಣದ ನಮ್ಮ ಪ್ರತಿಯ ಪಟ್ಟಿ ಇನ್ನೊಂದು ಕಡೆ. ಎರಡರಲ್ಲಿಯೂ ಇದ್ದದ್ದಕ್ಕೆ ಟಿಕ್ಕು. ಅಲ್ಲಿ ಇದ್ದು ಇಲ್ಲಿ ಇಲ್ಲದ್ದು ಸಂಶಯದ ಬಾಬ್ತು. ಆದರೆ ಸಂಶಯದ್ದೆಲ್ಲ ಕಸವಲ್ಲ, ಇಲ್ಲಿ ಅವಸರ ಮಾಡಬಾರದು. ಚುಕ್ಕೆಯಿಂದ ಶುರುವಾಗುವ ಹೆಸರಿನ ಕೆಲವು ಕಡತಗಳು ಕಣ್ಣಿಗೆ ಕಾಣದಂತೆ ಅಡಗಿರುತ್ತವೆ. 'ಡಾಟ್ ಎಚ್‌ಟಿಅಕ್ಸೆಸ್' ಎಂಬುದರಲ್ಲಿ ಸರ್ವರಿಗೆ ಕೊಟ್ಟ ಸೂಚನೆಗಳಿವೆ. 'ಡಾಟ್ ವೆಲ್‌ನೋನ್' ಎಂಬ ಫೋಲ್ಡರ್ ತಾಣದ ಭದ್ರತಾ ಪ್ರಮಾಣಪತ್ರಕ್ಕೆ ಬೇಕಾಗುವುದುಂಟು. ತಾಣ ನಮ್ಮದೇ ಎಂದು ಗೂಗಲ್‌ಗೆ ತೋರಿಸಲು ಇಟ್ಟ ಒಂದು ಸಣ್ಣ ಕಡತ ಇರಬಹುದು. ಜನ ಕಳುಹಿಸಿದ ಫೋಟೋಗಳ ಫೋಲ್ಡರ್ ನಮ್ಮ ಮನೆಯ ಪ್ರತಿಯಲ್ಲಿ ಇರುವುದೇ ಇಲ್ಲ. ಇವನ್ನೆಲ್ಲ ಬೇರೆ ತೆಗೆದ ಮೇಲೆ ಉಳಿದದ್ದೇ ನಿಜವಾದ ಹಳತು.

ಆ ಉಳಿಕೆಯಲ್ಲಿ ನಮ್ಮ ವಾಚನಾಲಯದ್ದೇ ಒಂದು ಎಕ್ಸೆಲ್ ಕಡತ ಸಿಕ್ಕಿತು. ದಾನಿಗಳ ಹೆಸರು, ಮನೆಯ ವಿಳಾಸ, ಫೋನ್ ನಂಬ್ರ, ಕೆಲವರ ಬ್ಯಾಂಕ್ ಖಾತೆಯ ಸಂಖ್ಯೆ ಕೂಡ. ಯಾವ ಪುಟದಿಂದಲೂ ಅದಕ್ಕೆ ಕೊಂಡಿ ಇರಲಿಲ್ಲ, ಬರೇ ಬಿದ್ದಿತ್ತು. ಬ್ಯಾಂಕಿನಲ್ಲಿ ಗಿರಾಕಿಯ ಪಾಸ್‌ಬುಕ್ಕನ್ನು ಕೌಂಟರಿನ ಮೇಲೆ ತೆರೆದಿಡಬಾರದು ಎಂದು ಕಲಿತವನಿಗೆ ಅದನ್ನು ನೋಡಿ ಕೈ ನಡುಗಿತು. ಇಂಥದ್ದು ಸಿಕ್ಕರೆ ತಾಳೆಯನ್ನು ಅಲ್ಲಿಗೇ ನಿಲ್ಲಿಸಿ ಮೊದಲು ಅದನ್ನು ಅಳಿಸಬೇಕು. ಆಮೇಲೆ ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ತೆಗೆದುಹಾಕುವ ಮನವಿ ಹಾಕಬೇಕು. ಆ ಮನವಿಯ ಬಲ ಸುಮಾರು 6 ತಿಂಗಳು ಮಾತ್ರ, ಆದ್ದರಿಂದ ಮನವಿ ಹಾಕಿ ಕಡತವನ್ನು ಅಲ್ಲಿಯೇ ಬಿಟ್ಟರೆ ಮತ್ತೆ ಮೇಲೆ ಬರುತ್ತದೆ. ಸರ್ವರಿನ ಭೇಟಿ ಪುಸ್ತಕದಲ್ಲಿ, ಅಂದರೆ ಲಾಗ್‌ನಲ್ಲಿ, ಆ ಕಡತವನ್ನು ಯಾರಾದರೂ ಇಳಿಸಿಕೊಂಡಿದ್ದಾರೆಯೇ ಎಂದು ನೋಡಬೇಕು. ಮತ್ತು ಹೆಸರಿದ್ದವರಿಗೆ ವಿಷಯ ತಿಳಿಸಬೇಕು. ನಮ್ಮ ಸಮಿತಿಯಲ್ಲಿ ಕೆಲವರು ಸುಮ್ಮನಿರುವ ಎಂದರು, ನಾನು ಒಪ್ಪಲಿಲ್ಲ. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾನೂನೇ ಆಗಿದೆ. ಕಾನೂನು ಇಲ್ಲದಿದ್ದರೂ ಖಾತೆಯ ಸಂಖ್ಯೆ ಅವರದ್ದು, ನಮ್ಮದಲ್ಲ.

ಇಲ್ಲೊಂದು ಅಡ್ಡ ಮಾತು. 'ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ' ಎಂಬ ಕಡತದಲ್ಲಿ ಬೇಡದ ಪುಟದ ಹೆಸರು ಬರೆದರೆ ಮರೆಯಾಗುತ್ತದೆ ಎಂದು ಹೇಳುವವರಿದ್ದಾರೆ. ಅದು ಹುಡುಕುಯಂತ್ರಗಳಿಗೆ ಒಳಗೆ ಬರಬೇಡಿ ಎನ್ನುವ ಫಲಕ ಮಾತ್ರ. ಫಲಕವನ್ನು ಯಾರೂ ಓದಬಹುದು, ಓದಿದವನಿಗೆ ಗುಟ್ಟಿನ ಕೋಣೆ ಯಾವುದೆಂದು ನಾವೇ ತೋರಿಸಿಕೊಟ್ಟ ಹಾಗೆ. ಮೇಲಾಗಿ ಹುಡುಕುಯಂತ್ರ ಒಳಗೆ ಬರದಿದ್ದರೆ ಪುಟ ಅಳಿಸಿದ್ದು ಅದಕ್ಕೆ ತಿಳಿಯುವುದಾದರೂ ಹೇಗೆ?

ಉಳಿದ ಹಳೆಯ ಪುಟಗಳಲ್ಲಿ ಎರಡು ಜಾತಿ. ಹೊಸ ಜಾಗ ಇರುವುದು, ಇಲ್ಲದ್ದು. ಹೊಸ ಜಾಗ ಇಲ್ಲದ್ದನ್ನು ಅಳಿಸಿದರಾಯಿತು, ಕೇಳಿದವರಿಗೆ ಸರ್ವರ್ 404 ಎಂಬ ಉತ್ತರ ಕೊಡುತ್ತದೆ, ಅಂದರೆ ಸಿಗಲಿಲ್ಲ. ಇನ್ನು ಬರುವುದೇ ಇಲ್ಲ ಎಂದು ಖಚಿತವಾಗಿ ಹೇಳಬೇಕಿದ್ದರೆ 410 ಎಂಬ ಉತ್ತರ ಉಂಟು. ಹೊಸ ಜಾಗ ಇದ್ದದ್ದಕ್ಕೆ 301 ಎಂಬ ಸೂಚನೆ ಬರೆಯಬೇಕು. ಇದು ಶಾಶ್ವತವಾಗಿ ಇಂಥಲ್ಲಿಗೆ ಹೋಗಿದೆ, ಅಲ್ಲಿಗೆ ಹೋಗಿ ಎಂದು ಅದರ ಅರ್ಥ. ಹಿಂದೆ ಲೆಡ್ಜರ್ ತುಂಬಿದಾಗ ಕೊನೆಯ ಸಾಲಿನಲ್ಲಿ ಹೊಸ ಲೆಡ್ಜರಿನ ಪುಟ ಸಂಖ್ಯೆ ಬರೆದು ಸಹಿ ಹಾಕುತ್ತಿದ್ದೆವು. ಬರೆಯದೆ ಬಿಟ್ಟರೆ ಹಳೆಯ ಬಾಕಿಯನ್ನೇ ನಂಬಿ ಯಾರೋ ಹಣ ಪಾವತಿ ಮಾಡುವ ಅಪಾಯ ಇತ್ತು.

ನಮ್ಮ ಊರಿನವರಿಗೆ 301 ಹೊಸತಲ್ಲ. 1956ರ ನವೆಂಬರ್ 1ರ ತನಕ ಕಾಸರಗೋಡು ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಆಮೇಲೆ ಕೇರಳಕ್ಕೆ ಸೇರಿ ಕಣ್ಣೂರು ಜಿಲ್ಲೆಯೊಳಗೆ ಬಂತು, 1984ರಲ್ಲಿ ತಾನೇ ಜಿಲ್ಲೆಯಾಯಿತು. ನಮ್ಮ ಮನೆಗಳ ಹಳೆಯ ದಸ್ತಾವೇಜುಗಳಲ್ಲಿ ಈ ಮೂರೂ ಹೆಸರು ಸಿಗುತ್ತವೆ. ಭೂಮಿ ಇದ್ದಲ್ಲಿಯೇ ಇದೆ, ವಿಳಾಸ ಎರಡು ಸಲ ಬದಲಾಗಿದೆ. ಬ್ಯಾಂಕುಗಳ ಉದಾಹರಣೆ ಇನ್ನೂ ಹತ್ತಿರದ್ದು. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಹಳೆಯ ಐಎಫ್‌ಎಸ್‌ಸಿ ಸಂಖ್ಯೆ ಕೂಡಲೇ ಸಾಯಲಿಲ್ಲ, 2021ರ ಜೂನ್ 30ರ ತನಕ ನಡೆಯಿತು, ಜುಲೈ 1ರಿಂದ ನಿಂತಿತು. ಜನರಿಗೆ ಬದಲಾಯಿಸಿಕೊಳ್ಳಲು ಒಂದು ವರ್ಷಕ್ಕೂ ಮಿಕ್ಕಿ ಸಮಯ ಸಿಕ್ಕಿತು. ಜಾಲತಾಣದ ಹಳೆಯ ವಿಳಾಸಕ್ಕೂ ಕಡಮೆಯೆಂದರೆ ಒಂದು ವರ್ಷ ಈ ಸೂಚನೆ ಇರಲಿ ಎಂದು ಗೂಗಲ್‌ನವರೇ ಹೇಳುತ್ತಾರೆ. ತೆಗೆಯದೆ ಇಟ್ಟರೆ ಇನ್ನೂ ಒಳ್ಳೆಯದು, ಅದಕ್ಕೆ ಬಾಡಿಗೆ ಇಲ್ಲ.

ಸೋಮಾರಿಗಳು ಎಲ್ಲ ಹಳೆಯ ವಿಳಾಸವನ್ನೂ ಮುಖಪುಟಕ್ಕೆ ತಿರುಗಿಸಿ ಕೈತೊಳೆದುಕೊಳ್ಳುತ್ತಾರೆ. ಅರ್ಜಿ ಕೇಳಲು ಬಂದವನನ್ನು ಜಾಲಿನಲ್ಲಿ ನಿಲ್ಲಿಸಿ ಹೋದ ಹಾಗೆ ಅದು. ಹುಡುಕುಯಂತ್ರವೂ ಅದನ್ನು ಸಿಗದ ಪುಟವೆಂದೇ ಲೆಕ್ಕ ಹಿಡಿಯಬಹುದು. ಒಂದೊಂದು ಹಳೆಯ ಪುಟಕ್ಕೂ ಅದರದೇ ಹೊಸ ಪುಟವನ್ನು ತೋರಿಸುವುದು ಶ್ರಮದ ಕೆಲಸ, ಆದರೆ ಮಾಡಬೇಕಾದದ್ದು ಅದನ್ನೇ. ಇನ್ನೊಂದು ಎಚ್ಚರಿಕೆ: 301ನ್ನು ಬ್ರೌಸರುಗಳು ಬಹಳ ಕಾಲ ನೆನಪಿಟ್ಟುಕೊಳ್ಳುತ್ತವೆ. ತಪ್ಪು ವಿಳಾಸ ಬರೆದರೆ ತಿದ್ದಿದ ಮೇಲೂ ಕೆಲವರ ಫೋನಿನಲ್ಲಿ ತಪ್ಪೇ ನಡೆಯುತ್ತದೆ. ಮೊದಲು 302 ಎಂಬ ತಾತ್ಕಾಲಿಕ ಸೂಚನೆ ಹಾಕಿ ಪರೀಕ್ಷಿಸಿ, ಸರಿಯಾದರೆ 301 ಮಾಡಿ. ಮೊದಲು ಪೆನ್ಸಿಲ್, ಮತ್ತೆ ಶಾಯಿ.

ವಿಳಾಸವನ್ನು ಬದಲಾಯಿಸದಿರುವುದೇ ಎಲ್ಲಕ್ಕಿಂತ ಒಳ್ಳೆಯದು. ವೆಬ್ಬನ್ನು 1989ರಲ್ಲಿ ಯೋಜಿಸಿದ ಟಿಮ್ ಬರ್ನರ್ಸ್‌ಲೀ ಅವರು 1998ರಲ್ಲಿಯೇ ಈ ಬಗ್ಗೆ ಒಂದು ಲೇಖನ ಬರೆದಿದ್ದಾರೆ. ನಮ್ಮ ನಿಧಿಯ ಅರ್ಜಿಗೆ ಈಗ ವರ್ಷ ಸೇರಿಸಿದ ಹೆಸರಿಲ್ಲ. ಪ್ರತಿ ವರ್ಷ ಅದೇ ಹೆಸರಿನ ಕಡತದ ಮೇಲೆಯೇ ಹೊಸದನ್ನು ಹಾಕುತ್ತೇವೆ. ಹಳೆಯ ಕೊಂಡಿ ಒತ್ತಿದವರಿಗೂ ಹೊಸ ಅರ್ಜಿಯೇ ಸಿಗುತ್ತದೆ. ಕಡತಕ್ಕೆ ಕನ್ನಡ ಲಿಪಿಯ ಹೆಸರು ಇಡುವ ಆಸೆ ನನಗೂ ಇತ್ತು. ಆದರೆ ವಿಳಾಸದಲ್ಲಿ ಕನ್ನಡದ ಒಂದು 'ಕ' ಅಕ್ಷರ ಶೇಕಡಾ ಚಿಹ್ನೆ, ಅಂಕಿ, ಇಂಗ್ಲಿಷ್ ಅಕ್ಷರ ಸೇರಿ ಒಂಬತ್ತು ಗುರುತುಗಳ ಸರವಾಗುತ್ತದೆ. ಕಾಗುಣಿತ, ಒತ್ತಕ್ಷರ ಬಂದರೆ ಇನ್ನೂ ಉದ್ದ. ಕಳುಹಿಸುವಾಗ ನಡುವೆ ತುಂಡಾದರೆ ಯಾರಿಗೂ ಸರಿಮಾಡಲು ಬಾರದು. ಪುಟದ ಒಳಗೆ ಕನ್ನಡ ಎಷ್ಟೂ ಇರಲಿ, ಕಡತದ ಹೆಸರು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಗಿಡ್ಡವಾಗಿರಲಿ.

ಕನ್ನಡದವರು ಮಾತ್ರ ಗಮನಿಸಬೇಕಾದ ಇನ್ನೊಂದು ಹಳತು ಇದೆ. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ ಮುಂತಾದ ತಂತ್ರಾಂಶಗಳ ಅಂದಿನ ಅಕ್ಷರ ಸಂಕೇತಗಳಲ್ಲಿ ಮಾಡಿದ ಪುಟಗಳು. ಆ ಫಾಂಟ್ ಇಲ್ಲದ ಫೋನಿನಲ್ಲಿ ಅವು ಅರ್ಥವಿಲ್ಲದ ಚಿಹ್ನೆಗಳ ರಾಶಿ. ಹುಡುಕಿದರೂ ಸಿಗವು, ಏಕೆಂದರೆ ಯಂತ್ರಕ್ಕೆ ಅದು ಕನ್ನಡವೇ ಅಲ್ಲ. ಪೇಟೆಯ ಸಂಸ್ಥೆಯವರು ಇಂಥ ಪುಟಗಳನ್ನು ಕೆಟ್ಟುಹೋದ ಕಡತ ಎಂದು ಪಟ್ಟಿ ಮಾಡಿದ್ದರು. ನನ್ನ ಅಳಿಯ ಒಂದನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತಿರುಗಿಸಿದ. "ಮಾವ, ಇದು ಕಸವಲ್ಲ, ಓದಿ ನೋಡಿ" ಎಂದ. ಊರಿನ ಶಾಲೆಯ ಹಳೆಯ ಅಧ್ಯಾಪಕರೊಬ್ಬರು ವಾಚನಾಲಯ ಹುಟ್ಟಿದ ಬಗೆಯನ್ನು ಬರೆದ ಲೇಖನ ಅದು. ಅವರು ಈಗ ಇಲ್ಲ. ಕಾಗದದ ಪ್ರತಿ ಯಾರಲ್ಲಿಯೂ ಉಳಿದಿರಲಿಲ್ಲ. ಇಂಟರ್ನೆಟ್ ಆರ್ಕೈವ್ ಸಂಸ್ಥೆಯವರ ವೇಬ್ಯಾಕ್ ಮೆಷಿನ್ ಎಂಬಲ್ಲಿ ಹಳೆಯ ಪುಟಗಳ ಪ್ರತಿ ಸಿಗುವುದುಂಟು, 2001ರಿಂದ ಅದು ಸಾರ್ವಜನಿಕರಿಗೆ ತೆರೆದಿದೆ. ಆದರೆ ನಮ್ಮಂಥ ಸಣ್ಣ ಊರಿನ ಪುಟಗಳೆಲ್ಲ ಅದರಲ್ಲಿ ಇರುತ್ತವೆಂದು ನಂಬಿ ಅಳಿಸುವಂತಿಲ್ಲ.

ಮುಂದಿನ ಸಲದ ಪ್ರಕಟಣೆಗೆ ನಾವು ಮಾಡಿಕೊಂಡ ಏರ್ಪಾಡು ಹೀಗಿದೆ. ಆರ್‌ಸಿಂಕ್ ಎಂಬ ಸಾಧನವನ್ನು ಅಳಿಸುವ ಆಯ್ಕೆಯೊಂದಿಗೆ ಓಡಿಸಿದರೆ ಸರ್ವರ್ ನಮ್ಮ ಪ್ರತಿಯ ತದ್ರೂಪವಾಗುತ್ತದೆ, ಕೈಬಿಟ್ಟ ಕಡತಗಳು ತಾವಾಗಿ ಹೋಗುತ್ತವೆ. ಅದು ಹರಿತವಾದ ಕತ್ತಿ. ಫೋಲ್ಡರಿನ ಹೆಸರು ತಪ್ಪಿದರೆ ಇಡೀ ತಾಣವೇ ಮಾಯ. ಅದಕ್ಕೆ ಮೊದಲು ತಾಲೀಮು ಓಟದ ಆಯ್ಕೆ ಹಾಕಿ ಓಡಿಸುತ್ತೇವೆ, ಆಗ ಏನನ್ನೂ ಮುಟ್ಟದೆ ಯಾವುದೆಲ್ಲ ಅಳಿಯುತ್ತದೆ ಎಂದು ಪಟ್ಟಿ ಮಾತ್ರ ಕೊಡುತ್ತದೆ. ಪಟ್ಟಿಯನ್ನು ಪ್ರಿಂಟ್ ತೆಗೆದು, ಕನ್ನಡ ಬಲ್ಲವರೊಬ್ಬರು, ಮಲಯಾಳ ಬಲ್ಲವರೊಬ್ಬರು ಕೂತು ಓದಿ ಇಬ್ಬರೂ ಸಹಿ ಹಾಕಿದ ಮೇಲೆ ನಿಜವಾದ ಓಟ. ಜೂನ್, ಜುಲೈ ತಿಂಗಳಲ್ಲಿ, ಶಾಲೆಯ ಅರ್ಜಿಗಳ ಗಡಿಬಿಡಿಯಲ್ಲಿ, ಈ ಕೆಲಸಕ್ಕೆ ಯಾರೂ ಕೈ ಹಾಕಬಾರದೆಂದು ಸಮಿತಿಯ ನಡಾವಳಿ ಪುಸ್ತಕದಲ್ಲಿ ಬರೆಸಿದ್ದೇನೆ.